ಪಂಚಾಂಗ ನೋಡಿ ಬದಲಿಸಿದ ಕಂಪ್ಯೂಟರುಗಳು

ನಿಯಮ ಸರಳ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ಗೆ ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುವ ಮೊದಲೇ ಹೊಸದಕ್ಕೆ ಬದಲಾಯಿಸಬೇಕು; ಅದನ್ನು ಅಂಗಡಿ ಮುಚ್ಚಿರುವಾಗ ಮಾಡಬೇಕು; ಪರೀಕ್ಷಿಸದೆ ಗಿರಾಕಿಯನ್ನು ಒಳಗೆ ಬಿಡಬಾರದು. ಮಂಡ್ಯ ಸೀಮೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಈ ನಿಯಮ ಮುರಿದವರ ಫೋನ್ ಬಾರದ ವಾರವಿಲ್ಲ. ಇಲ್ಲಿರುವುದು ಒಬ್ಬರೇ ಮಾಲೀಕರ ಮೂರು ರಕ್ತಪರೀಕ್ಷೆ ಲ್ಯಾಬುಗಳ ಸಂಗತಿ. ಅಲ್ಲಿಯ ಚೀಟಿ ನೋಡಿಯೇ ಡಾಕ್ಟರು ಸಕ್ಕರೆ ಕಾಯಿಲೆಯವರಿಗೆ ಎಷ್ಟು ಇನ್ಸುಲಿನ್ ಎಂದು ಬರೆಯುವುದು. ಚೀಟಿ ತಪ್ಪಿದರೆ ಜೀವ ಹೋಗಬಹುದು. ನಗುವ ಮೊದಲು ಇಷ್ಟು ತಿಳಿದಿರಲಿ.

ಮಂಡ್ಯದ ಗುತ್ತಲು

"ಅಪ್‌ಡೇಟ್ ನಿಲ್ಲುತ್ತದೆ, ಈಗಲೇ ಬದಲಿಸಿ" ಎಂದೆ ಮಾಲೀಕರಿಗೆ.

"ಆಷಾಡ ಕಣ್ ಸಾ. ಆಷಾಡ್ದಲ್ಲಿ ಹೊಸದು ಯಾರಾದ್ರೂ ಮಾಡ್ತಾರಾ?"

ಶ್ರಾವಣದಲ್ಲಿ ಕೇಳಿದೆ, ಮನೆದೇವರಿಗೆ ಹೋಗಿದ್ದರು. ಮತ್ತೆ ಕೇಳಿದೆ, ಪಿತೃಪಕ್ಷ. ಆಯುಧಪೂಜೆ ದಿನ ಹೋಗಿ ನೋಡಿದರೆ ಹಳೇ ಕಂಪ್ಯೂಟರಿಗೇ ಹಾರ, ಕುಂಕುಮ. ಗಾಳಿಯಾಡುವ ಕಿಂಡಿಗಳ ತುಂಬ ಅರಿಸಿನ.

"ಇನ್ನೇನಾದದು ಬುಡಿ ಸಾ, ಪೂಜೆ ಮಾಡಿವ್ನಿ!"

ಅಷ್ಟರಲ್ಲಿ ಅಪ್‌ಡೇಟ್ ನಿಂತುಹೋಗಿತ್ತು. ಮೂರನೇ ದಿನ ವೈರಸ್ ಹೊಕ್ಕು ಅಷ್ಟೂ ರೋಗಿಗಳ ಹಳೆಯ ರಿಪೋರ್ಟುಗಳಿಗೆ ಬೀಗ ಜಡಿಯಿತು. ಬೇರೆ ಕಡೆ ನಕಲು ಇರಲಿಲ್ಲ. ಮಾಲೀಕರು ಫೋನಿನಲ್ಲಿ ಹೇಳಿದರು: "ಅದು ಒಳಿಕ್ಕೆ ಬಂದ ಗಳಿಗೆ ರಾಹುಕಾಲವಾ ನೋಡಿ ಸಾ."

ಮದ್ದೂರು

ಮಾಲೀಕರಿಗೆ ಭಯ ಹುಟ್ಟಿತು. ಭಾನುವಾರ ಸಂಜೆ, ಲ್ಯಾಬ್ ಮುಚ್ಚಿದ ಮೇಲೆ ಬದಲಿಸೋಣವೆಂದೆ.

"ಆವಾಗ್ಲೂ ರಾಹುಕಾಲ್ವೇಯಾ. ಗುರ್ವಾರ ಬೆಳಿಗ್ಗೆ ಎಂಟೂವರೆಗೆ ಮೂರ್ತ ಇಡ್ಸಿವ್ನಿ."

ನಾನು ಒಪ್ಪಬಾರದಿತ್ತು. ಒಪ್ಪಿದೆ. ಎಂಟೂವರೆಗೆ ಬೆಂಚಿನ ತುಂಬ ಖಾಲಿ ಹೊಟ್ಟೆಯಲ್ಲಿ ಬಂದವರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮೂವತ್ತು ಪರ್ಸೆಂಟ್, ಆಫ್ ಮಾಡಬೇಡಿ ಎಂಬ ಎಚ್ಚರಿಕೆ. ಅದು ಮುಗಿಯದೆ ಯಾರ ರಕ್ತವನ್ನೂ ತೆಗೆಯುವಂತಿರಲಿಲ್ಲ.

"ಎಷ್ಟಾಯ್ತಪ್ಪ?" ಎಂದರು ಆತಗೂರಿನ ಯಜಮಾನರೊಬ್ಬರು.

"ಮೂವತ್ತು."

ಒಂದು ಗಂಟೆ ಬಿಟ್ಟು ಮತ್ತೆ ಕೇಳಿದರು.

"ಮೂವತ್ತೊಂದು."

"ಅದು ನೂರಾಗೋ ಅಷ್ಟೊತ್ಗೆ ನಾನು ಸೊನ್ನೆ ಆಯ್ತೀನಿ ಕಣಪ್ಪ" ಎನ್ನುತ್ತಲೇ ಬೆಂಚಿನಿಂದ ಜಾರಿದರು. ಎದುರು ಹೋಟೆಲಿನಿಂದ ಸಕ್ಕರೆ ನೀರು ತಂದು ಕುಡಿಸಿದೆವು. ಕಣ್ಣು ಬಿಟ್ಟವರು ಮೊದಲು ಕೇಳಿದ್ದು: "ಈಗೆಷ್ಟು?"

ಮಳವಳ್ಳಿ

ಇಲ್ಲಿಗೆ ನನ್ನನ್ನು ಕರೆಯಲೇ ಇಲ್ಲ. ಮಾಲೀಕರು ಯಾರಿಂದಲೋ ಹೊಸದು ಹಾಕಿಸಿ, ಪರೀಕ್ಷೆಯಿಲ್ಲದೆ ಬಾಗಿಲು ತೆರೆದರು. ರಕ್ತ ಪರೀಕ್ಷಿಸುವ ಹೆಣ್ಣುಮಗಳು ನನಗೆ ಫೋನ್ ಮಾಡಿದರು. ಹೋಗಿ ನೋಡಿದೆ. ಪರೀಕ್ಷೆಯ ಯಂತ್ರ ತನ್ನ ಪುಟ್ಟ ಪರದೆಯಲ್ಲಿ ಸರಿಯಾಗಿಯೇ ತೋರಿಸುತ್ತಿತ್ತು. ಕಂಪ್ಯೂಟರ್ ಮಾತ್ರ ಒಬ್ಬರ ಅಂಕಿಯನ್ನು ಅವರ ನಂತರದವರ ಚೀಟಿಯಲ್ಲಿ ಅಚ್ಚು ಹಾಕುತ್ತಿತ್ತು. ಒಬ್ಬ ಅಜ್ಜನ ನಾನೂರು ಸಕ್ಕರೆ ಐದು ವರ್ಷದ ಮಗುವಿನ ಚೀಟಿಯಲ್ಲಿತ್ತು.

"ಜನ ಕಾಯ್ತಾವ್ರೆ ಕಣಮ್ಮ. ಒಂದ್ ಸಾಲು ಆಚೀಚೆ ಆಗ್ಬುಟ್ಟದೆ, ಅಷ್ಟೆಯಾ. ಸೈನ್ ಹಾಕಿ ಕೊಟ್ಬುಡು" ಎಂದರು ಮಾಲೀಕರು.

"ಹಾಕಲ್ಲ ಸಾರ್. ಮಿಷಿನ್ ನೋಡ್ಕೊಂಡು ಕೈಯಲ್ಲೇ ಬರ್ದು ಕೊಡ್ತೀನಿ."

"ಕೈಲಿ ಬರ್ದ್ರೆ ಜನ ಇದ್ನ ಲ್ಯಾಬ್ ಅನ್ಕತಾರಾ, ದಿನ್ಸಿ ಅಂಗ್ಡಿ ಅನ್ಕತಾರಾ?"

"ಸರಿ. ನಿಮ್ಗೂ ಶುಗರ್ ಇದೆಯಲ್ಲ ಸಾರ್, ಕೂತ್ಕೊಳ್ಳಿ. ನಿಮ್ ರಕ್ತಾನೂ ತೆಗೀತೀನಿ, ಕಂಪ್ಯೂಟರ್ ಚೀಟೀನೇ ಕೊಡ್ತೀನಿ. ಅದ್ರಲ್ಲಿ ಎಷ್ಟಿದ್ಯೋ ಅಷ್ಟಕ್ಕೆ ಇನ್ಸುಲಿನ್ ಚುಚ್ಚಿಸ್ಕೊಳ್ಳಿ."

ಮಾಲೀಕರು ಮಡಚಿದ್ದ ಅಂಗಿಯ ತೋಳನ್ನು ನಿಧಾನವಾಗಿ ಇಳಿಸಿಕೊಂಡರು.

ಆಕೆ ಪ್ರಿಂಟರಿನ ವೈರು ಕಿತ್ತರು. ಅಚ್ಚಾಗಿದ್ದ ಚೀಟಿಗಳನ್ನೆಲ್ಲ ಹರಿದು ಬುಟ್ಟಿಗೆ ಹಾಕಿ, ಪೆನ್ನು ತೆಗೆದು, ಮೊದಲು ಆ ಮಗುವಿನ ಹೆಸರು ಬರೆದರು.