ಮಾಸ್ಕು, ಬೇವಿನ ಸಸಿ, ಆ್ಯಂಬುಲೆನ್ಸು

ಇಳಕಲ್ ಹತ್ತಿರದ ಗ್ರಾನೈಟ್ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ಏನೂ ಆಗದಂತೆ ನೋಡಿಕೊಳ್ಳುವುದಕ್ಕೇ ನನಗೆ ಪಗಾರ. ಆದರೂ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ.

ಮಾಸ್ಕು

ಪಾಲಿಶ್ ವಿಭಾಗದಲ್ಲಿ ಹುನಗುಂದದ ಕಾಕಾ ಒಬ್ಬರಿದ್ದಾರೆ. ಅವರ ಮಾಸ್ಕು ಸದಾ ಗದ್ದದ ಕೆಳಗೆ. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಹೊರಗೆ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ.

“ಕಾಕಾ, ಮೂಗಿಗೆ ಏರಸ್ರಿ.”

“ಏರಿಸಿದ್ರ ತಂಬಾಕು ಉಗುಳೂದು ಹೆಂಗ್ರಿ ಸಾಹೇಬ್ರ?”

“ತಂಬಾಕು ಬಿಡ್ರಿ. ಉಗುಳೂ ಮಾತೇ ಬರೂದಿಲ್ಲ.”

ಮುಂದಿನ ವಾರ ನೋಡಿದರೆ ಮಾಸ್ಕು ಮೂಗಿನ ಮೇಲೆ ಗಟ್ಟಿಯಾಗಿ ಕೂತಿದೆ. ನನಗೆ ಭಾಳ ಖುಷಿಯಾಯಿತು.

“ಅಂತೂ ತಂಬಾಕು ಬಿಟ್ರಿ.”

“ಎಲ್ಲೀದ್ರಿ, ನುಂಗೂದು ಕಲತೇನಿ.”

ಧೂಳಿನ ಜಗಳ ಮುಗಿಯಿತು. ತಂಬಾಕಿನದು ಈಗ ಶುರುವಾಗಿದೆ.

ಸಸಿ

ಕಾರ್ಖಾನೆಯ ಗೋಡೆಗುಂಟ ಪ್ರತಿ ಮಳೆಗಾಲ ಬೇವಿನ ಸಸಿ ನೆಡುತ್ತಿದ್ದೆವು. ಪಕ್ಕದ ಅಜ್ಜಿಯ ಆಡುಗಳು ಬಂದು ಮೇಯುತ್ತಿದ್ದವು. ಒಮ್ಮೆ ಕೇಳಿಯೇ ಬಿಟ್ಟೆ. ಅಜ್ಜಿ, “ನೀವು ನಮ್ಮ ಆಡಿಗೇ ಹಚ್ಚತೀರಿ ಅನಕೊಂಡಿದ್ನೆಪಾ,” ಎಂದಳು.

ಆ ವರ್ಷ ಸಸಿ ಕಾಯುವ ಕೆಲಸ ಅವಳಿಗೇ ಕೊಟ್ಟೆವು. ಸುತ್ತ ಜಾಲಿಮುಳ್ಳು ಕಟ್ಟಿದಳು. ಈಗ ಗಿಡಗಳು ಗೋಡೆ ದಾಟಿವೆ. ಮೊನ್ನೆ ನೆರಳಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಾ ಕೈಗೆಟುಕಿದ ಎಲೆಯೊಂದನ್ನು ಕಿತ್ತೆ. ಅಜ್ಜಿ ಕೋಲು ಎತ್ತಿಕೊಂಡು ಬಂದಳು: “ಆಡಿಗೆ ಬುದ್ಧಿ ಬಂತು, ಸಾಹೇಬ್ರಿಗೆ ಬರಲಿಲ್ಲ.”

ಅಣಕು ಅಪಘಾತ

ಅಪಘಾತವಾದರೆ ಜನ ಏನು ಮಾಡುತ್ತಾರೆಂದು ಪರೀಕ್ಷಿಸಲು ನಾನೇ ಯಂತ್ರದ ಪಕ್ಕ ಬಿದ್ದುಕೊಂಡೆ. ಇದು ಗೊತ್ತಿದ್ದದ್ದು ಮ್ಯಾನೇಜರರಿಗೆ ಮಾತ್ರ. ಆ್ಯಂಬುಲೆನ್ಸು ಹೊರಗೆ ಹೋಗದಂತೆ ಗೇಟಿನಲ್ಲಿ ತಡೆಯುವ ಕೆಲಸ ಅವರದು.

ಹುಡುಗರು ಓಡಿಬಂದರು, ಯಂತ್ರ ಬಂದ್ ಮಾಡಿದರು, ನನ್ನನ್ನು ಸ್ಟ್ರೆಚರಿಗೆ ಕಟ್ಟಿ ಆ್ಯಂಬುಲೆನ್ಸಿಗೆ ಏರಿಸಿದರು. ಎಲ್ಲ ನಾನು ಕಲಿಸಿದಂತೆಯೇ. ಹೆಮ್ಮೆಯಿಂದ ಕಣ್ಣು ಮುಚ್ಚಿದ್ದೆ. ಗೇಟಿನಲ್ಲಿ ಮ್ಯಾನೇಜರರು ಯಾರೊಂದಿಗೋ ಫೋನಿನಲ್ಲಿದ್ದರಂತೆ. ಆ್ಯಂಬುಲೆನ್ಸು ನಿಲ್ಲಲಿಲ್ಲ.

“ಏ ತಂಗಿ, ನಾ ಆರಾಮ ಅದೇನಿ,” ಎಂದೆ, ಪಕ್ಕದಲ್ಲಿದ್ದ ನಮ್ಮ ಕಾರ್ಖಾನೆಯ ನರ್ಸಿಗೆ.

ಅವಳು ನನ್ನ ಭುಜ ಒತ್ತಿ ಹಿಡಿದಳು. “ಮಾತಾಡಬ್ಯಾಡ್ರಿ ಸರ. ತಲಿಗೆ ಪೆಟ್ಟು ಬಿದ್ದವ್ರು ಹಿಂಗ ಅಂತಾರ ಅಂತ ನೀವ ಹೇಳೀರಿ.”

ದವಾಖಾನೆಯಲ್ಲಿ ಡಾಕ್ಟರರಿಗೆ ಎಲ್ಲ ವಿವರಿಸಿದೆ. ಅವರು ನಕ್ಕರು, ಬಂದದ್ದಕ್ಕೆ ಒಮ್ಮೆ ನೋಡೋಣ ಎಂದು ಬಿಪಿ ನೋಡಿದರು. ನಗು ನಿಂತಿತು. ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು, ಸಮಯಕ್ಕೆ ಬಂದಿರಿ ಎಂದೂ ಹೇಳಿದರು.

ಕಾರ್ಖಾನೆಗೆ ಮರಳಿದಾಗ ಮ್ಯಾನೇಜರರು ತಲೆ ತಗ್ಗಿಸಿ ನಿಂತಿದ್ದರು. ಡ್ರೈವರ್ ಮಾತ್ರ ಇಳಿದು ಬಂದು ಸಮಾಧಾನ ಹೇಳಿದ:

“ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಅಪಘಾತ ಸುಳ್ಳಾದ್ರೂ ಪೇಶಂಟ್ ಖರೇ ಸಿಕ್ರಲ್ಲ.”