ಕುಸುಬಿ ಎಣ್ಣೆಯ ಎಂಜಿನ್

ಎತ್ತಿನ ಕೋಡಿಗೆ ಬಣ್ಣ ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಆಳಂದ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಇದು ನನ್ನ ಜಂಬವಲ್ಲ, ಮಾದನಹಿಪ್ಪರಗಾದ ನಮ್ಮ ಎತ್ತುಗಳಿಗೆ ಮಾತು ಬರುತ್ತಿದ್ದರೆ ಅವೇ ಹೇಳುತ್ತಿದ್ದವು. ಆದರೆ ಆಳಂದದಲ್ಲಿ ಗುಮಾಸ್ತನಾಗಿ ಕೂತ ಮೇಲೆ ಈ ಕಲಾವಂತ ಕೈ ಬರೀ ಠಸ್ಸೆ ಒತ್ತುತ್ತ ಸೊರಗುತ್ತಿತ್ತು. ಹೀಗಾಗಿ ಎಂಬತ್ತೈದನೇ ಇಸವಿಯ ಆಷಾಢದಲ್ಲಿ ನನ್ನ ಹೆಂಡತಿಯ ತಮ್ಮ ದೌಲತರಾಯ ಒಂದು ಕಟ್ಟಿಗೆಯ ರೈಲು ಎಂಜಿನ್ ತಂದು ಮುಂದಿಟ್ಟಾಗ, ಬಣ್ಣ ನಾನೇ ಹಚ್ಚುತ್ತೇನೆಂದು ಘೋಷಿಸಿಬಿಟ್ಟೆ.

ದೌಲತರಾಯ ವಾಡಿಯಲ್ಲಿ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವವನು. ಅವನ ಉಸ್ತಾದ, ಡ್ರೈವರ್ ಅಬ್ದುಲ್ ಗನಿ, ಶ್ರಾವಣದಲ್ಲಿ ನಿವೃತ್ತರಾಗುವವರಿದ್ದರು. ಅವರಿಗೆ ಕೊಡಲೆಂದು ಅವರದೇ ಎಂಜಿನ್ನನ್ನು ಟೇಪು ಹಿಡಿದು ಅಳೆದು, ಅಳತೆ ಇಳಿಸಿ, ಮೊಳದುದ್ದ ಕೆತ್ತಿದ್ದ. ಒಂದು ಮೊಳೆಯ ತಲೆಯನ್ನೂ ಬಿಟ್ಟಿರಲಿಲ್ಲ, ಪುಣ್ಯಾತ್ಮ! ಕರಿ ಬಣ್ಣದ ಡಬ್ಬಿಯನ್ನೂ ಕೊಟ್ಟು, ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ಬಂದಾಗ ಒಯ್ಯುತ್ತೇನೆಂದು ಹೇಳಿ ಹೋದ.

ಅವನು ಓಣಿ ದಾಟಿದ್ದೇ ತಡ, ನನ್ನ ಹೆಂಡತಿ ಸುಭದ್ರಾಬಾಯಿ ಲಟ್ಟಣಿಗೆ ಕೆಳಗಿಟ್ಟಳು.

"ಹೋದ ವರ್ಷ ರಿಪೇರಿ ಮಾಡ್ತೇನಂತ ಅವನ ರೇಡಿಯೋ ಬಿಚ್ಚಿದ್ರಿ. ಸಿಟ್ಟಿಗೆದ್ದು ಪಂಚಮಿಗಿ ಕರಿಯಾಕ ಬರಲಿಲ್ಲ ಅಂವ. ಈ ವರ್ಷನೂ ನನ್ನ ತವರ ತಪ್ಪಿಸಿದ್ರ, ನಿಮ್ಮ ರೊಟ್ಟಿ ನೀವ ಬಡಕೋರಿ."

ನಾನು ನಕ್ಕೆ. ಆದರೆ ಕೈ ಪಳಗದೆ ನೇರ ಎಂಜಿನ್ನಿಗೆ ಇಳಿಯುವಷ್ಟು ಹೆಡ್ಡ ನಾನಲ್ಲ. ಮೊದಲು ರೂಢಿ! ಸೀಮೆಎಣ್ಣೆ ಡಬ್ಬಿಯ ಮುಚ್ಚಳಕ್ಕೆ ಹಚ್ಚಿದೆ, ಬಣ್ಣ ಕಣ್ಣೀರಿನಂತೆ ಇಳಿಯಿತು. ಕುಂಚದ ತುದಿಯಷ್ಟೇ ಅದ್ದಬೇಕೆಂದು ಗೊತ್ತಾಯಿತು. ಕೊಡೆಯ ಹಿಡಿಕೆಗೆ ಹಚ್ಚಿದೆ, ಗೆರೆ ಎದ್ದವು. ಒಂದೇ ದಿಕ್ಕಿಗೆ ಎಳೆಯಬೇಕೆಂದು ಕಲಿತೆ. ಆಮೇಲೆ ಮಂಚದ ಕಾಲು, ಬಾಗಿಲ ಚಿಲಕ, ಅತ್ತೆಯವರು ಕೊಟ್ಟ ಟ್ರಂಕು. ಮನೆ ಕರ್ರಗಾಗುತ್ತ ಹೋದಂತೆ ನನ್ನ ಕಲೆ ಬೆಳಗುತ್ತ ಹೋಯಿತು! ಕೈ ಪೂರ್ತಿ ಪಳಗಿದ ದಿನ ನೋಡುತ್ತೇನೆ, ಡಬ್ಬಿ ಪೂರ್ತಿ ಖಾಲಿ.

ಇನ್ನೊಂದು ಡಬ್ಬಿ ತರಬೇಕೆಂದರೆ ಸುಭದ್ರೆಯ ಮುಂದೆ ತಲೆ ತಗ್ಗಿಸಬೇಕು. ಆಗ ಊರಿನ ಪದ್ಧತಿ ನೆನಪಾಯಿತು. ಕಂದೀಲಿನ ಮಸಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಬಳಿದರೆ ಕೋಡು ಹೇಗೆ ಮಿಂಚುತ್ತಿದ್ದವು! ಎಂಜಿನ್ ಅದಕ್ಕಿಂತ ಹೆಚ್ಚು ಮಿಂಚಿತು. ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಸಂಜೆ ಮುಟ್ಟಿದರೆ ಹಸಿ. ಮರುದಿನವೂ ಹಸಿ. ಆಗ ಹೊಳೆಯಿತು: ಕೋಡಿನ ಬಣ್ಣ ಒಣಗಿದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಒಣಗುವ ಮೊದಲೇ ಎತ್ತು ಅದನ್ನು ಗೋಡೆಗೆ ತಿಕ್ಕಿ ಮುಗಿಸುತ್ತಿತ್ತು!

ಬಿಸಿಲಿಗೆ ಒಣಗಲಿ ಎಂದು ಎಂಜಿನ್ನನ್ನು ಮಾಳಿಗೆಯ ಮೇಲಿಟ್ಟು ಬಂದೆ. ಭಾನುವಾರ, ಹೊಟ್ಟೆ ತುಂಬ ಹೋಳಿಗೆ, ಕಣ್ಣು ಎಳೆಯಿತು. ಎದ್ದು ಹೋಗಿ ನೋಡಿದರೆ ಎಂಜಿನ್ನಿಗೆ ಕೂದಲು ಬಂದಿದ್ದವು! ನಮ್ಮ ಮನೆಯ ಹಿಂದೆಯೇ ತೊಗರಿ ಬೇಳೆಯ ಗಿರಣಿ. ಆಷಾಢದ ಗಾಳಿಗೆ ಅದರ ಹೊಟ್ಟು, ಧೂಳು ಎಲ್ಲ ಹಾರಿ ಬಂದು ಎಣ್ಣೆಗೆ ಮೆತ್ತಿಕೊಂಡಿತ್ತು. ಕೈಯಲ್ಲಿ ಕರಡಿಮರಿ ಹಿಡಿದು ನಿಂತಂತಾಯಿತು. ಹಳೆಯ ಧೋತರದಿಂದ ಒರೆಸಿದೆ. ಮೇಲಿನದು ಬಂತು, ಸಂದಿಗೊಂದಿಯದು ಜಪ್ಪಯ್ಯ ಅಂದರೂ ಬರಲಿಲ್ಲ. ಇಡೀ ಎಂಜಿನ್ ಕಂದು ಬಣ್ಣಕ್ಕೆ ತಿರುಗಿ ಮಂಕಾಯಿತು. ಸುಭದ್ರೆ ಬಂದು ನೋಡಿದಳು. ಬೈಯಲಿಲ್ಲ. ತವರಿಗೆಂದು ಕಟ್ಟಿಟ್ಟಿದ್ದ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಟ್ರಂಕಿನಲ್ಲಿಡತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಪಂಚಮಿಯ ಮುನ್ನಾದಿನ ದೌಲತರಾಯ ಬಂದ. ನಾನು ಬಸ್‌ಸ್ಟ್ಯಾಂಡಿನಲ್ಲಿ ತುರ್ತು ಕೆಲಸವಿದೆಯೆಂದು ಚಪ್ಪಲಿ ಮೆಟ್ಟಿದೆ, ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. ಅವನು ಎಂಜಿನ್ನನ್ನು ಎತ್ತಿಕೊಂಡ. ತಿರುಗಿಸಿದ. ಮೂಸಿದ. ಬೆಳಕಿಗೆ ಹಿಡಿದ. ನಾನು ಮನಸ್ಸಿನಲ್ಲೇ ಘತ್ತರಗಿಯ ಭಾಗ್ಯವಂತಿಗೆ ಕಾಯಿ ಹರಕೆ ಹೊತ್ತೆ.

"ಮಾವಾರ," ಎಂದ ಮೆಲ್ಲಗೆ, "ನೀವು ಮಿರಿಮಿರಿ ಹೊಸಾದು ಮಾಡಿ ಇಡ್ತೀರಂತ ಹೆದರಿದ್ದೆ. ಗನಿ ಸಾಹೇಬರ ಎಂಜಿನ್ನ ಹಿಂಗ ಅದ ನೋಡ್ರಿ. ಸಂದ್ಯಾಗ ಜಂಗು ಹಿಡದದ, ಮೈತುಂಬ ಧೂಳ. ಇದನ್ನ ನೋಡಿದ್ರ ಅವರು ಅತ್ತೇಬಿಡ್ತಾರ."

ಅಬ್ಬಾ! ಎದೆಯ ಮೇಲಿನ ಬಂಡೆ ಇಳಿದು ನನಗೆ ಮತ್ತೆ ಉಸಿರು ಬಂತು. ಸುಭದ್ರೆ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಓಡಿ ಹೋಗಿ ಚೀಲ ಮತ್ತೆ ಕಟ್ಟಿದಳು.

ಉಸಿರು ಬಂದ ಮೇಲೆ ನನಗೆ ಮಾತೂ ಬಂತು. ಕಲೆ ಎಂದರೆ ಸುಮ್ಮನೆ ಬಳಿಯುವುದಲ್ಲ, ಧೂಳಿಗೂ ಒಂದು ಮುಹೂರ್ತ ನೋಡಬೇಕು ಎಂದು ಉಪದೇಶ ಶುರುಮಾಡಿದೆ. ದೌಲತರಾಯ ಕೈಕಟ್ಟಿಕೊಂಡು ಕೇಳಿದ. ತನಗೂ ಇಂಥದೊಂದು ಎಂಜಿನ್ ಮಾಡಿಟ್ಟುಕೊಳ್ಳಬೇಕಾಗಿದೆ, ಈ ವಿದ್ಯೆ ಕಲಿಸಿಕೊಡಬೇಕು ಎಂದ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುಭದ್ರೆ ಚೀಲ ಹಿಡಿದು ಹೊರಬಂದಳು.

"ಅದರಾಗ ಕಲಿಯೂದು ಏನದ ತಮ್ಮಾ? ಬಣ್ಣ ಹಚ್ಚಿ ಮಾಳಿಗಿ ಮ್ಯಾಲ ಇಟ್ಟು, ಹೋಳಿಗಿ ತಿಂದು ಮಲಗೂದು. ಅದರಾಗ ನಿಮ್ಮ ಮಾವಾರನ್ನ ಮೀರಿಸೋರು ಇಡೀ ತಾಲೂಕಿನ್ಯಾಗ ಇನ್ನಾ ಹುಟ್ಟಿಲ್ಲ."