ಹಲ್ಲಿನಿಂದ ಇಂಜಿನ್ ಕೇಳುವವನು

ನಮ್ಮ ಸೋದರಮಾವನ ಮಗ ಕಿವಿಯಿಂದಲ್ಲ, ಹಲ್ಲಿನಿಂದ ಕೇಳುತ್ತಿದ್ದ. ನಗಬೇಡಿ! ಬಬಲೇಶ್ವರದ ಸುತ್ತಲಿನ ಯಾವ ರೈತನನ್ನು ಬೇಕಾದರೂ ವಿಚಾರಿಸಿ. ಬಾವಿಯ ನೀರೆತ್ತುವ ಎಣ್ಣೆ ಇಂಜಿನ್ ಮುಗ್ಗರಿಸತೊಡಗಿತೆಂದರೆ ಇವನಿಗೆ ಕರೆ ಬರುತ್ತಿತ್ತು. ಇವನು ಹೋಗಿ, ಉದ್ದನೆಯ ಕಬ್ಬಿಣದ ಸರಳಿನ ಒಂದು ತುದಿಯನ್ನು ಓಡುವ ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಆಗ ಸುತ್ತ ಯಾರೂ ಉಸಿರೆತ್ತುವಂತಿಲ್ಲ. ನಿಡೋಣಿಯಲ್ಲಿ ಗೌಡರೊಬ್ಬರು ಕೆಮ್ಮಿದರಂತೆ. ಸರಳನ್ನು ಬಾಯಿಂದ ತೆಗೆದು ಇವನು ಹೇಳಿದ್ದು ಹೀಗೆ:

"ಗೌಡ್ರ, ನಿಮ್ಮ ರಿಪೇರಿ ಡಾಕ್ಟರ್ ಕಡೆ, ಇದರ ರಿಪೇರಿ ನನ್ನ ಕಡೆ. ಅತ್ತಾಗ ಹೋಗಿ ಕೆಮ್ಮರಿ."

ಗೌಡರು ಹೋದರು! ನಾನೋ, ಬಿ.ಎ. ಪಾಸಾಗಿ ವಿಜಾಪುರದ ಕಚೇರಿಯೊಂದರಲ್ಲಿ ಕಾರಕೂನನಾಗಿ ಕುಳಿತವನು. ನನ್ನ ಮಾತಿಗೆ ಜವಾನ ಕಿಟಕಿ ಕೂಡ ಮುಚ್ಚುತ್ತಿರಲಿಲ್ಲ. ಹೊಟ್ಟೆಕಿಚ್ಚು ಬರಬಾರದೆಂದರೆ ಹೇಗೆ?

ನಾವಿಬ್ಬರೂ ಒಂದೇ ವಾರಿಗೆಯವರು, ಒಂದೇ ಮನೆಯಲ್ಲಿ ಬೆಳೆದವರು. ತಾಯಿಯಿಲ್ಲದ ಅವನನ್ನು ನಮ್ಮವ್ವ ಕೂಸಿದ್ದಾಗಲೇ ತನ್ನ ಅಣ್ಣನ ಮನೆಯಿಂದ ಎತ್ತಿಕೊಂಡು ಬಂದಿದ್ದಳು. ಮ್ಯಾಟ್ರಿಕ್ಕಿನಲ್ಲಿ ನಾನು ಪಾಸು, ಅವನು ನಪಾಸು. ಊರೆಲ್ಲ ಅಯ್ಯೋ ಎಂದಿತು. ಎಲ್ಲರಿಗಿಂತ ಜೋರಾಗಿ ಅಯ್ಯೋ ಎಂದವನು ನಾನು. ಒಳಗೊಳಗೆ ಮಾತ್ರ ಬೆಲ್ಲ ತಿಂದಂತಾಗಿತ್ತು. ನಾನು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಕಾಲೇಜಿಗೆ ಹೋದೆ. ಅವನು ಚಡ್ಡಿ ತೊಟ್ಟು ವಿಜಾಪುರದ ಗಾಂಧಿ ಚೌಕದ ಹಿಂದಿನ ಇಂಜಿನ್ ರಿಪೇರಿ ಶೆಡ್ಡಿಗೆ ಹೋದ.

ಮುಂದೆ ನಾನು ಪದವಿಯ ಕಾಗದ ತಂದು ಅವ್ವನ ಕೈಗಿಟ್ಟ ದಿನವೇ ಅವನು ನಮ್ಮ ಬಾವಿಗೆ ಇಂಜಿನ್ ಕೂಡಿಸಬೇಕೆ! ಅವ್ವ ಕಾಗದವನ್ನು ಸುರುಳಿ ಸುತ್ತಿ, ಜಂತಿಗೆ ಸಿಕ್ಕಿಸಿ, ನೀರು ನೋಡಲು ಓಡಿದಳು. ಅಕ್ಷರ ಬಾರದವಳಿಗೆ ನೀರು ಓದಲು ಬರುತ್ತಿತ್ತು. ಒಂದೇ ಒಂದು ಸಲ ಅವ್ವ ನನ್ನ ಕೆಲಸವನ್ನು ಮೆಚ್ಚಬೇಕು. ಆವತ್ತಿನಿಂದ ನನಗೆ ಬೇಕಾಗಿದ್ದದ್ದು ಇಷ್ಟೇ.

ಅದಕ್ಕೇ ಒಂದು ಬೆಳಿಗ್ಗೆ, ಅವನು ಕಳ್ಳಕವಟಗಿಗೆ ಹೋದ ಹೊತ್ತು ನೋಡಿ, ಇಂಜಿನ್ನನ್ನು ನಾನೇ ಚಾಲೂ ಮಾಡಲು ಹೊರಟೆ. ಅದರ ಸಂಗಡ ಬಂದ ಇಂಗ್ಲಿಷ್ ಪುಸ್ತಕ ಕೈಯಲ್ಲಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಅಲ್ಲವೆ? ಹ್ಯಾಂಡಲ್ ತಿರುವಿದೆ. ಅರ್ಧಕ್ಕೇ ಕೈ ಸೋತಿತು. ಇಂಜಿನ್ ಹಿಂದಕ್ಕೆ ಒದ್ದು, ಉಲ್ಟಾ ಓಡತೊಡಗಿತು! ಹೊಗೆಯ ಕೊಳವೆಯಿಂದ ಹೋಗಬೇಕಾದ ಹೊಗೆ ಗಾಳಿ ಎಳೆಯುವ ಬಾಯಿಂದ ಹೊರಟು ನನ್ನ ಮುಖಕ್ಕೇ ಬಂತು. ಅಷ್ಟರಲ್ಲಿ ಊರಿಗೆ ಮರಳಿ ಸೈಕಲ್ ಇಳಿದ ಅವನು ಓಡಿ ಬಂದು ಇಂಜಿನ್ ಬಂದ್ ಮಾಡಿ, ನನ್ನ ಕರಿಮೋರೆ ನೋಡಿದ.

"ಲೇ ಸಾಹೇಬ, ಪುಸ್ತಕದಾಗ ಹಿಂಗ ಮಾಡಂತ ಬರದಾರೇನೋ?"

"ಪುಸ್ತಕ ಬರೋಬ್ಬರಿ ಐತಿ. ನಿನ್ನ ಇಂಜಿನ್ನಿಗೆ ಇಂಗ್ಲಿಷ್ ಬರೂದಿಲ್ಲ!" ಎಂದೆ.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಯಪ್ಪಾ, ಮಾರಿ ತೊಳಕೊಂಡು ನೀ ಕಚೇರಿಗೆ ಹೋಗು. ಅದನ್ನ ಅಂವ ನೋಡತಾನ."

ಇಷ್ಟಕ್ಕೇ ಮುಗಿಯಿತೆ? ತಿಕೋಟಾಕ್ಕೆ ನನಗೆ ಹೆಣ್ಣು ನೋಡಲು ಹೋದೆವು. ಇವನು ಬರುವುದು ಬೇಡವೆಂದು ಹಟ ಹಿಡಿದೆ. ಅವ್ವ ಕೇಳಲಿಲ್ಲ. ಚಹಾ ಬರುವ ಮುಂಚೆಯೇ ಆ ಮನೆಯ ಹಿಂದಿನ ಇಂಜಿನ್ ತೊದಲಿದ್ದು ಇವನಿಗೆ ಕೇಳಿಸಿತು. ಎದ್ದು ಹೋದವನು ಅರ್ಧ ತಾಸಿನ ಮೇಲೆ ಮೊಣಕೈವರೆಗೆ ಕಪ್ಪಾಗಿ ಬಂದ. ಹಿಂದೆ ನೀರು ದಬದಬ ಬೀಳುತ್ತಿತ್ತು. ಹುಡುಗಿಯ ಅಪ್ಪ ನನ್ನ ಬಿ.ಎ. ಮರೆತು ಅವನತ್ತ ಸರಿದು ಕುಳಿತರು.

"ನಿಮಗ ಮದುವಿ ಆಗೇತೇನ್ರಿ?"

ಅವನು ಬೆಚ್ಚಿಬಿದ್ದ. "ನನಗ ಬ್ಯಾಡ್ರಿ ಮಾವಾರ! ಇಂಜಿನ್ ಕೆಟ್ರ ನನಗ ಹೇಳಿ ಕಳಸ್ರಿ, ಮಗಳನ್ನ ಇವಗ ಕೊಡ್ರಿ. ಭಾಳ ಕಲಿತಾಂವ ಅದಾನ."

ಕೊಟ್ಟರು. ಹೆಂಡತಿ ಕೂಡ ಅವನ ಶಿಫಾರಸಿನಿಂದಲೇ ಬಂದಳೆಂದ ಮೇಲೆ ನನ್ನ ಹೊಟ್ಟೆಯ ಗತಿ ನೀವೇ ಊಹಿಸಿಕೊಳ್ಳಿ!

ಹೋದ ತಿಂಗಳು ಅವನು ತೀರಿಕೊಂಡ. ನಾಲ್ಕೇ ದಿನದ ಜ್ವರ. ಮಣ್ಣು ಮಾಡುವ ದಿನ ಸುತ್ತಲಿನ ಊರುಗಳ ರೈತರು ಇಂಜಿನ್ ನಿಲ್ಲಿಸಿ ಬಂದಿದ್ದರು. ಹಾಗೆ ಮಾಡಿರೆಂದು ಯಾರೂ ಹೇಳಿರಲಿಲ್ಲ. ಹಗಲು ಹೊತ್ತಿನಲ್ಲಿ ಹೊಲಗಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಅಲ್ಲಿಯೂ ನನಗೆ ಹೊಟ್ಟೆಕಿಚ್ಚೇ ಬಂತು. ನಾನು ಸತ್ತರೆ ನಿಲ್ಲುವುದು ಏನು? ಕಚೇರಿಯ ಒಂದು ಟಪಾಲೂ ನಿಲ್ಲದು.

ಅವ್ವ ಬಾವಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು. ಮೊನ್ನೆ ತಾನಾಗಿಯೇ ಬಂದು ನನ್ನೆದುರು ಕುಳಿತಳು. "ಯಪ್ಪಾ, ನಿನಗ ಬರಿಯಾಕ ಬರತೈತಿ. ಅವನ ಸುದ್ದಿ ಬರಿ. ಅಳಕೋತ ಬರೀಬ್ಯಾಡ. ಅಂವ ಹೆಂಗಿದ್ದ, ಹಂಗ ಬರಿ."

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಓದಿ ಹೇಳಿದೆ. ತಿಕೋಟಾದ ಮಾತು ಬಂದಾಗ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಮಸಿ ಹತ್ತಿದ ಬೆರಳುಗಳನ್ನು ಹಿಡಿದುಕೊಂಡು, "ಛಲೋ ಮಾಡಿದಿ ಮಗನ. ಇದು ಅವನ ಕೈಲೆ ಆಗತಿದ್ದಿಲ್ಲ" ಎಂದಳು.

ಎಷ್ಟು ವರ್ಷ ಕಾದ ಮಾತು! ಈಗಲೇ ಹೋಗಿ ಅವನಿಗೆ ಹೇಳಿ ಹೊಟ್ಟೆ ಉರಿಸಬೇಕೆಂದು ತಟ್ಟನೆ ಎದ್ದೆ. ಚಪ್ಪಲಿಯನ್ನೂ ಮೆಟ್ಟಿದೆ. ಹೊಸ್ತಿಲು ದಾಟುವಾಗ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.